ಅಪ್‌ಡೇಟ್: ಆ ಸೋಲ್ ರೆಕಾರ್ಡಿನಲ್ಲಿದ್ದದ್ದು ಕೊಳೆಯಲ್ಲ, ಸವೆತ

ಕಳೆದ ತಿಂಗಳು ಕೇಳಿದ್ದೆ: ಅಮೆರಿಕದ ಡೆಟ್ರಾಯಿಟ್‌ನ ಸಣ್ಣ ರೆಕಾರ್ಡ್ ಕಂಪನಿಯೊಂದರ, 1966ರ ಏಳಿಂಚಿನ ಸೋಲ್ (ಕಪ್ಪು ಅಮೆರಿಕನ್ನರ ಜನಪ್ರಿಯ ಸಂಗೀತ) ರೆಕಾರ್ಡ್. ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್, ಬಳಸಿದ್ದರೂ ಚೆನ್ನಾಗಿರುವ) ದರ್ಜೆಯೆಂದು ನಂಬಿ ತರಿಸಿಕೊಂಡೆ. ನೋಡಲು ಫಳಫಳ, ಗಾಯಕಿ ದನಿಯೇರಿಸಿದಲ್ಲೆಲ್ಲ ಮಾತ್ರ ಬಟ್ಟೆ ಹರಿದಂಥ ಸದ್ದು. ತೊಳೆದರೆ ಹೋಗುತ್ತದೆಯೇ?

ಹೋಗಲಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದೆ. ಚಿಟಪಟ ನಿಂತಿತು, ಹರಕು ದನಿ ಉಳಿಯಿತು.

ನಿಮ್ಮಲ್ಲೊಬ್ಬರು ‘ಸ್ಟೈರೀನ್ ಇರಬಹುದು, ನೋಡಿ’ ಎಂದಿದ್ದಿರಿ. ಅದೇ ಸರಿ, ರೆಕಾರ್ಡುಗಳ ಮಾಮೂಲಿ ಪ್ಲಾಸ್ಟಿಕ್ ವಿನೈಲ್ ಅಲ್ಲ, ಪಾಲಿಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್. ಮೇಜಿನ ದೀಪಕ್ಕೆ ಓರೆಯಾಗಿ ಹಿಡಿದೆ: ಲೇಬಲ್ ಅಂಟಿಸಿದ ಕಾಗದ, ಅಂಚು ಉಗುರಿಗೆ ಸಿಗುತ್ತದೆ. ವಿನೈಲ್‌ನಲ್ಲಾದರೆ ಲೇಬಲ್ ತಟ್ಟೆಯ ಜೊತೆಗೇ ಒತ್ತಿ ಕೂತಿರುತ್ತದೆ. ಅರವತ್ತರ ದಶಕದ ಅಮೆರಿಕದಲ್ಲಿ ಎಷ್ಟೋ 45ಗಳನ್ನು (ನಿಮಿಷಕ್ಕೆ 45 ಸುತ್ತು ತಿರುಗುವ ಇಂಥ ಸಣ್ಣ ರೆಕಾರ್ಡುಗಳನ್ನು) ಪಾಲಿಸ್ಟೈರೀನ್ ಕರಗಿಸಿ ಅಚ್ಚಿಗೆ ಹೊಯ್ದು ಮಾಡುತ್ತಿದ್ದರು. ಸವೆದ ಸೂಜಿ ಕೆಲವೇ ಸಲ ಓಡಿದರೂ ಅಂಥ ತಟ್ಟೆಯ ಗೀರುದಾರಿ (ಸೂಜಿ ಓಡುವ ಸಣ್ಣ ಗೆರೆ) ಕೆಡುತ್ತದೆ, ಹೊಳಪು ಮಾತ್ರ ಹಾಗೇ ಇರುತ್ತದೆ. ನನ್ನದರಲ್ಲಿ ಹಾಡು ಜೋರಾಗುವ ಜಾಗ ತುಸು ಬೂದು ಬಣ್ಣಕ್ಕೆ ತಿರುಗಿದೆ. ಅದನ್ನು ಮೊದಲೇ ನೋಡಬೇಕಿತ್ತು.

ಮಾರಿದವರು ಅರ್ಧ ಹಣ ಹಿಂತಿರುಗಿಸಿದರು. ಲೇಬಲ್ ಮೇಲೆ ಯಾರದೋ ಹೆಸರು ನೀಲಿ ಶಾಯಿಯಲ್ಲಿದೆ. ಅದಕ್ಕೆ ಬೆಲೆ ಇಳಿಸುವವರಿದ್ದಾರೆ, ನನಗೆ ಅದು ಪ್ರೀತಿಯ ಗುರುತು.

‘ಅಪರೂಪದ್ದಾದರೆ ಸ್ಥಿತಿ ಲೆಕ್ಕಕ್ಕಿಲ್ಲ’ ಎಂದವರಿಗೆ: ಸೋಲ್ ಗಾಯಕ ಫ್ರಾಂಕ್ ವಿಲ್ಸನ್‌ರ 1965ರ ರೆಕಾರ್ಡಿನಂತೆ ಬೆರಳೆಣಿಕೆಯ ಪ್ರತಿಗಳಿದ್ದರೆ ಒಪ್ಪುತ್ತೇನೆ. 2009ರಲ್ಲಿ ಅದರ ಒಂದು ಪ್ರತಿ 25,000 ಪೌಂಡ್‌ಗೂ ಹೆಚ್ಚಿಗೆ ಹೋಯಿತು. ನನ್ನದು ಅಂಥದ್ದಲ್ಲ, ಇನ್ನೊಂದು ಪ್ರತಿ ಸಿಗುತ್ತದೆ. ಈ ಸಲ ಹಣ ಕಳಿಸುವ ಮೊದಲು, ಹಾಡಿನ ಕೊನೆಯ ಅರ್ಧ ನಿಮಿಷ ನುಡಿಸಿ ಧ್ವನಿಮುದ್ರಿಸಿ ಕಳಿಸಲು ಮಾರುವವರನ್ನು ಕೇಳಿದ್ದೇನೆ.