ಡಾಕ್ಟರ್ ಫೋನ್‌ನಲ್ಲಿ ಹೇಳಿದರೆ ನರ್ಸ್ ಸೆಂಟ್ರಲ್ ಲೈನ್ ತೆಗೆಯಬಹುದೇ?

ಪ್ರಶ್ನೆ:
ನೈಟ್ ಡ್ಯೂಟಿಯಲ್ಲಿ ಡಾಕ್ಟರ್ ವಾರ್ಡಿನಲ್ಲಿ ಇರುವುದಿಲ್ಲ. 'ಕುತ್ತಿಗೆಯ ಸೆಂಟ್ರಲ್ ಲೈನ್ ತೆಗೆದುಬಿಡಿ, ಆ ಇನ್ನೊಬ್ಬರಿಗೆ ಕ್ಯಾಥೆಟರ್ ಹಾಕಿ' ಎಂದು ಫೋನ್‌ನಲ್ಲೇ ಹೇಳುತ್ತಾರೆ. (ಸೆಂಟ್ರಲ್ ಲೈನ್ ಎಂದರೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹಾಕಿರುವ ತೆಳು ನಳಿಕೆ; ಇಲ್ಲಿ ಕ್ಯಾಥೆಟರ್ ಎಂದರೆ ಮೂತ್ರ ಹೊರಬರಲು ಹಾಕುವ ನಳಿಕೆ.) ಕೇಸ್ ಶೀಟಿನಲ್ಲಿ ಏನೂ ಬರೆದಿರುವುದಿಲ್ಲ. ಇಷ್ಟರ ಮೇಲೆ ಸ್ಟಾಫ್ ನರ್ಸ್ ಮುಂದುವರಿಯಬಹುದೇ?

ಉತ್ತರ 1:
ಬರೀ ಫೋನ್ ಮಾತು ಸಾಲದು. ಆ ಕೆಲಸವನ್ನು ನರ್ಸ್ ಮಾಡಬಹುದೆಂದು ಆಸ್ಪತ್ರೆಯ ಲಿಖಿತ ನಿಯಮ ಇರಬೇಕು, ಮಾಡುವವರು ತರಬೇತಿ ಪಡೆದು ಪರೀಕ್ಷೆಯಲ್ಲಿ ಪಾಸಾದ ದಾಖಲೆಯೂ ಇರಬೇಕು. ಇವೆರಡಿಲ್ಲದಿದ್ದರೆ ಡಾಕ್ಟರ್ ಎಷ್ಟು ಒತ್ತಾಯಿಸಿದರೂ ಅಧಿಕಾರ ಹುಟ್ಟುವುದಿಲ್ಲ. ಇವೆರಡೂ ಇದ್ದರೆ, ಡಾಕ್ಟರ್ ಫೋನ್‌ನಲ್ಲಿರುವಾಗಲೇ ಆರ್ಡರ್ ಬರೆದುಕೊಂಡು ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ಮಾಡಬೇಕಾದ ಕೆಲಸವನ್ನು ಅವರಿಗೇ ಓದಿ ಹೇಳಿ. ಇನ್ನೊಬ್ಬ ನರ್ಸ್ ಕೇಳಿಸಿಕೊಳ್ಳಲಿ. ಸಮಯ ಬರೆಯಿರಿ, ಸಹಿ ಆಮೇಲೆ ಹಾಕಿಸಿಕೊಳ್ಳಿ. ರೋಗಿಗೆ ವಿವರಿಸಿ ಒಪ್ಪಿಗೆ ಪಡೆಯುವುದನ್ನು ದಯವಿಟ್ಟು ಬಿಡಬೇಡಿ.

ಉತ್ತರ 2:
ಲೈನ್ ಹಾಕುವುದು ಕಷ್ಟ, ತೆಗೆಯುವುದು ಸುಲಭ ಎಂದುಕೊಳ್ಳುವುದೇ ದೊಡ್ಡ ಅಪಾಯ. ಕೂತಿರುವ ರೋಗಿ ಉಸಿರೆಳೆದುಕೊಂಡಾಗ ಎದೆಯೊಳಗಿನ ಒತ್ತಡ ಇಳಿದು, ಲೈನ್ ಇದ್ದ ತೂತಿನಿಂದ ಗಾಳಿ ರಕ್ತನಾಳದೊಳಗೆ ನುಗ್ಗಬಹುದು. ಏರ್ ಎಂಬಾಲಿಸಂ (ಗಾಳಿಗುಳ್ಳೆ ರಕ್ತದ ಹರಿವಿಗೆ ಅಡ್ಡವಾಗುವುದು) ಆಗಿ ನಿಮಿಷಗಳಲ್ಲೇ ಜೀವ ಹೋಗಬಹುದು.

ಮೊದಲು ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಸುವ ಪ್ಲೇಟ್‌ಲೆಟ್, ಐಎನ್ಆರ್ ಪರೀಕ್ಷೆಗಳ ಫಲಿತಾಂಶ ನೋಡಿ. ರೋಗಿಯನ್ನು ಅಂಗಾತ ಮಲಗಿಸಿ, ಆಗುವುದಾದರೆ ತಲೆಯ ಕಡೆ ತಗ್ಗಿಸಿ. ಹೊಲಿಗೆ ಕತ್ತರಿಸಿ, ಉಸಿರು ಹೊರಬಿಡುವಾಗ ನಿಧಾನವಾಗಿ ಎಳೆಯಿರಿ. ಬಿಗಿಯೆನಿಸಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕರೆಸಿ. ಹೊರಬಂದ ಕೂಡಲೇ ಸ್ಟೆರೈಲ್ ಗಾಜ್‌ನಿಂದ ಕನಿಷ್ಠ 5 ನಿಮಿಷ ಒತ್ತಿಹಿಡಿದು, ಗಾಳಿಯಾಡದ ಡ್ರೆಸ್ಸಿಂಗ್ ಹಾಕಿ, 24 ಗಂಟೆ ಬಿಚ್ಚಬೇಡಿ. ರೋಗಿ 30 ನಿಮಿಷ ಮಲಗಿಯೇ ಇರಲಿ. ಲೈನಿನ ತುದಿ ಪೂರ್ತಿ ಬಂದಿದೆಯೇ ಎಂದು ಅಳೆದು ಬರೆಯಿರಿ.

ಹಠಾತ್ತನೆ ಉಸಿರು ಕಟ್ಟಿದರೆ ತೂತನ್ನು ಒತ್ತಿಹಿಡಿದೇ ಎಡಮಗ್ಗುಲಿಗೆ ಹೊರಳಿಸಿ, ತಲೆ ತಗ್ಗಿಸಿ, 100% ಆಕ್ಸಿಜನ್ ಕೊಡಿ. ಆ ಹೊತ್ತಿಗೆ ಓಡಿಬರಲು ಕಟ್ಟಡದಲ್ಲಿ ಡಾಕ್ಟರೇ ಇಲ್ಲ ಎಂದಾದರೆ ಈ ಕೆಲಸ ಬೆಳಗಿನವರೆಗೆ ಕಾಯಲಿ.

ಉತ್ತರ 3:
ಕ್ಯಾಥೆಟರ್ ನರ್ಸ್‌ಗಳ ನಿತ್ಯದ ಕೆಲಸವೇ. ಆದರೆ ಸೊಂಟದ ಮೂಳೆ ಮುರಿದು ಮೂತ್ರದ ಬಾಯಲ್ಲಿ ರಕ್ತ ಕಂಡರೆ ಮುಟ್ಟಬೇಡಿ, ಮೂತ್ರನಾಳ ಹರಿದಿರಬಹುದು. ಗಂಡಸರಲ್ಲಿ ಮೂತ್ರ ಬಂದ ತಕ್ಷಣ, ಕ್ಯಾಥೆಟರ್ ಜಾರದಂತೆ ಹಿಡಿಯುವ ತುದಿಯ ಬಲೂನ್ ಉಬ್ಬಿಸುವುದೂ ತಪ್ಪು. ಕ್ಯಾಥೆಟರ್ ಎರಡಾಗಿ ಒಡೆಯುವ ಕವಲಿನವರೆಗೆ ಒಳಗೆ ತಳ್ಳಿದ ಮೇಲೆ, ಕ್ಯಾಥೆಟರ್ ಮೇಲೆ ಬರೆದಿರುವಷ್ಟೇ (ಹೆಚ್ಚಾಗಿ 10 ಮಿಲಿ) ಸ್ಟೆರೈಲ್ ವಾಟರ್ ಹಾಕಿ. ನೋವೆಂದರೆ ನಿಲ್ಲಿಸಿ, ನೀರು ವಾಪಸ್ ತೆಗೆಯಿರಿ.

ಮಾಡಲಾಗದ್ದನ್ನು 'ಸರ್, ಇದು ನನಗೆ ಅನುಮತಿಯಿರುವ ಕೆಲಸವಲ್ಲ, ನೀವೇ ಬರಬೇಕು' ಎಂದು ನೇರವಾಗಿ ಹೇಳಿ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೂಡಲೇ ತಿಳಿಸಿ, ಎರಡೂ ಕರೆಗಳ ಸಮಯವನ್ನು ನರ್ಸಸ್ ನೋಟ್ಸ್‌ನಲ್ಲಿ ದಾಖಲಿಸಿ.