ಹೆಡ್ ಗ್ಯಾಸ್ಕೆಟ್ ಕೆಲಸ ಆದಮೇಲೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿದೆ, ಮೀಟರ್ ಹೋಗಿದೆಯಾ?

ಹಳೇಗಾಡಿ: ಇಪ್ಪತ್ತು ವರ್ಷ ದಾಟಿದ ಕಾರು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿತ್ತು, ಹಾಕಿಸಿದೆ. ಜೊತೆಗೆ ಥರ್ಮೋಸ್ಟ್ಯಾಟ್, ಕೂಲೆಂಟ್, ಟೆಂಪರೇಚರ್ ಸೆನ್ಸರ್ ಎಲ್ಲ ಹೊಸದು. ಮೊದಲು ಮುಳ್ಳು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಈಗ ಹತ್ತು ನಿಮಿಷ ಓಡಿಸಿದರೆ ಕೆಂಪು ಗೆರೆ ಪಕ್ಕ ಹೋಗಿ ಕೂರುತ್ತದೆ. ಆದರೆ ನೀರು ಕುದಿಯುವುದಿಲ್ಲ, ಹಬೆ ಇಲ್ಲ, ಫ್ಯಾನ್ ಕೂಡ ತಿರುಗುವುದಿಲ್ಲ. ಮೆಕ್ಯಾನಿಕ್ "ಮೀಟರ್ ಹೋಗಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು" ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ನಟ್ಟುಬೋಲ್ಟು: ಬೇಡ ಮಾರಾಯ್ರೇ. ಕೂಲೆಂಟ್ ಲೈನ್‌ನಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಷ್ಟೇ. ಹೆಡ್ ಬಿಚ್ಚಿ ಹಾಕಿದ ಗಾಡಿಯಲ್ಲಿ ಇದು ಮಾಮೂಲಿ.

ಗೇರ್‌ಪ್ರಿಯ: ಗಾಳಿ ಇದ್ದರೆ ಮುಳ್ಳು ಒಂದು ಕಡೆ ಕೂರುತ್ತದಾ? ಏರಿಳಿಯುತ್ತದೆ. ಸೆನ್ಸರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿರುತ್ತಾರೆ ನೋಡಿ, ಒಂದೇ ವೈರಿನ ಸೆನ್ಸರ್ ಆದರೆ ಅದಕ್ಕೆ ಅರ್ಥಿಂಗ್ ಸಿಗುವುದೇ ಆ ಥ್ರೆಡ್‌ನಿಂದ.

ಓಮ್ ಅಂಕಲ್: ಟೇಪ್ ವಿಷಯ ಸರಿ, ದಿಕ್ಕು ಉಲ್ಟಾ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಮ್ಮಿಯಾಗುತ್ತದೆ, ಕರೆಂಟ್ ಜಾಸ್ತಿ ಹರಿದು ಮುಳ್ಳು ಮೇಲೇಳುತ್ತದೆ. ಅರ್ಥಿಂಗ್ ಕೆಟ್ಟರೆ ರೆಸಿಸ್ಟೆನ್ಸ್ ಜಾಸ್ತಿಯಾಗಿ ಮುಳ್ಳು ಕೆಳಗೇ ಉಳಿಯಬೇಕು. ಇವರದು ಮೇಲೆ ಹೋಗಿದೆ. ಹಳೇಗಾಡಿ ಅವರೇ, ಪೆಟ್ರೋಲ್ ಮುಳ್ಳು ಸರಿ ಇದೆಯಾ? ಹಳೆಯ ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ, ಅದು ಕೆಟ್ಟರೆ ಎರಡೂ ಒಟ್ಟಿಗೆ ಮೇಲೆ ಹೋಗುತ್ತವೆ. ಆಮೇಲೆ ಮುಳ್ಳು ಮೇಲಿದ್ದಾಗ ಇಗ್ನಿಷನ್ ಆನ್ ಇಟ್ಟೇ ಸೆನ್ಸರ್ ವೈರ್ ಕಿತ್ತು ನೋಡಿ.

ಹಳೇಗಾಡಿ: ಪೆಟ್ರೋಲ್ ಮುಳ್ಳು ಸರಿಯಾಗಿದೆ. ವೈರ್ ಕಿತ್ತ ಕೂಡಲೇ ಟೆಂಪರೇಚರ್ ಮುಳ್ಳು ಪೂರ್ತಿ ಕೆಳಗೆ ಬಿತ್ತು.

ಓಮ್ ಅಂಕಲ್: ಹಾಗಾದರೆ ವೈರ್ ಎಲ್ಲೂ ಕಾರಿನ ಲೋಹದ ಮೈಗೆ ತಾಗಿಲ್ಲ. ತಾಗಿದ್ದರೆ ಕಿತ್ತರೂ ಮುಳ್ಳು ಮೇಲೇ ಇರುತ್ತಿತ್ತು. ಹೆಚ್ಚಾಗಿ ಎರಡರಲ್ಲಿ ಒಂದು, ಎಂಜಿನ್ ನಿಜವಾಗಿ ಬಿಸಿಯಾಗಿದೆ ಅಥವಾ ಸೆನ್ಸರ್ ಸುಳ್ಳು ಹೇಳುತ್ತಿದೆ.

ನಟ್ಟುಬೋಲ್ಟು: ಫ್ಯಾನ್ ತಿರುಗುತ್ತಿಲ್ಲ ಅಂದರೆ ಬಿಸಿಯಾಗಿಲ್ಲ, ಮುಗೀತು.

ಗೇರ್‌ಪ್ರಿಯ: ಫ್ಯಾನೇ ಸತ್ತಿದ್ದರೆ? ಫ್ಯಾನ್ ಸ್ವಿಚ್ ಬೇರೆ, ಮೀಟರ್ ಸೆನ್ಸರ್ ಬೇರೆ. ಅದನ್ನು ನಂಬಿಕೊಂಡು ಓಡಿಸಿ ಹೆಡ್ ಸೊಟ್ಟಗಾದರೆ ನೀವು ಬರ್ತೀರಾ? ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಥರ್ಮೋಸ್ಟ್ಯಾಟ್ ಹೌಸಿಂಗ್‌ಗೆ ಹಿಡಿಯಿರಿ. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿಯಲ್ಲಿ ತೆಗೆಯಬೇಡಿ.

ಹಳೇಗಾಡಿ: ಹಿಡಿದೆ. ಮುಳ್ಳು ಕೆಂಪಿನ ಪಕ್ಕ ಇದ್ದಾಗ 86 ಡಿಗ್ರಿ. ಇನ್ನೂ ಐಡಲ್‌ನಲ್ಲಿ ಬಿಟ್ಟೆ, 93ಕ್ಕೆ ಫ್ಯಾನ್ ಶುರುವಾಯಿತು! ಮೂರು ನಿಮಿಷದಲ್ಲಿ ತಾನಾಗಿ ನಿಂತಿತು.

ಓಮ್ ಅಂಕಲ್: 86 ಅಂದರೆ ಎಂಜಿನ್ ಮಾಮೂಲಿ ಬಿಸಿಯಲ್ಲೇ ಇದೆ, ತಪ್ಪು ಸೆನ್ಸರ್‌ದೇ. ಹಳೇದನ್ನು ಎಸೆದಿಲ್ಲ ತಾನೆ? ಎರಡನ್ನೂ ದಾರ ಕಟ್ಟಿ ಕುದಿಯುವ ನೀರಿಗೆ ಇಳಿಬಿಡಿ, ತಳಕ್ಕೆ ತಾಗಬಾರದು, ವೈರ್ ಹಾಕುವ ತುದಿ ನೀರಿನ ಮೇಲೇ ಇರಲಿ. ಮಲ್ಟಿಮೀಟರಿನ ಒಂದು ಕಡ್ಡಿ ಆ ತುದಿಗೆ, ಇನ್ನೊಂದು ಥ್ರೆಡ್‌ಗೆ.

ಹಳೇಗಾಡಿ: ಪುಣ್ಯಕ್ಕೆ ಡಿಕ್ಕಿಯಲ್ಲಿ ಬಿದ್ದಿತ್ತು. ಹಳೇದು 70 ಓಮ್, ಹೊಸದು 28! ನೋಡಲು ಎರಡೂ ಅಣ್ಣತಮ್ಮಂದಿರ ಹಾಗಿವೆ, ಅದೇ ಥ್ರೆಡ್, ಅದೇ ಪಿನ್. ಎಂಜಿನ್ ತಣ್ಣಗಾದ ಮೇಲೆ ಹಳೇದನ್ನೇ ಹಾಕಿದೆ, ಮುಳ್ಳು ಮತ್ತೆ ಅರ್ಧಕ್ಕೆ ನಿಂತಿದೆ. ಹೊಸದು ಬೇರೆ ಮಾಡೆಲ್ಲಿನದಂತೆ, ಮೆಕ್ಯಾನಿಕ್ ಪಾರ್ಟ್ ನಂಬರ್ ನೋಡದೆ ಹಾಕಿದ್ದಾರೆ.

ನಟ್ಟುಬೋಲ್ಟು: ಒಪ್ಪಿದೆ. ಆದರೂ ಒಮ್ಮೆ ಗಾಳಿ ತೆಗೆಸಿ.

ಹಳೇಗಾಡಿ: ತೆಗೆದೆ ಗುರೂ. ಬುಳುಬುಳು ಅಂತ ಗುಳ್ಳೆ ಬಂತು, ಅರ್ಧ ಲೀಟರ್ ಕೂಲೆಂಟ್ ಹಿಡಿಯಿತು.

ನಟ್ಟುಬೋಲ್ಟು: ನಾನು ಮೊದಲೇ ಹೇಳಲಿಲ್ವಾ!