ಹಾಸನದಿಂದ ಮುಲ್ಕಿಗೆ ಇಬ್ರು ಚಿಕ್ಕ ಮಕ್ಕಳ ಜೊತೆ ಹೋಗ್ಬೇಕು, ಹೋಗಿ ಬಂದಿರೋರು ಹೇಳಿ

ಎಲ್ರಿಗೂ ನಮಸ್ಕಾರ. ಮೇ ಮೊದಲ್ನೇ ವಾರ ಮುಲ್ಕಿಲಿರೋ ನಮ್ಮೆಜಮಾನ್ರ ಅಕ್ಕನ ಮನೆಗೆ ಹೊರಟಿದೀವಿ, ಐದು ದಿನ ಇರೋ ಪ್ಲಾನು. ದೊಡ್ಡವಳಿಗೆ ಐದೂವರೆ ವರ್ಷ, ಕಾರಲ್ಲಿ ಬೇಲೂರಿಗೆ ಹೋದ್ರೂ ವಾಂತಿ ಮಾಡ್ಕೋತಾಳೆ. ಚಿಕ್ಕವನಿಗೆ ಒಂದು ವರ್ಷ ನಾಲ್ಕು ತಿಂಗಳು. ಶಿರಾಡಿ ಘಾಟಿ ನೆನೆಸ್ಕೊಂಡ್ರೇ ಭಯ ಆಗ್ತಿದೆ. ಎಷ್ಟೊತ್ತಿಗೆ ಹೊರಡೋದು, ಏನೇನು ತಗೊಂಡು ಹೋಗೋದು, ರೈಲೇ ವಾಸಿನಾ? ಅನುಭವ ಇರೋರು ದಯವಿಟ್ಟು ತಿಳಿಸಿ.

ಹಾಸನದಿಂದಲೇ, ಇಬ್ರು ಮಕ್ಕಳ ತಾಯಿ:

ನನ್ನ ತಂಗಿನ ಸುರತ್ಕಲ್ ಕಡೆ ಕೊಟ್ಟಿರೋದು, ಆರು ವರ್ಷದಿಂದ ವರ್ಷಕ್ಕೆರಡು ಸಲ ಮಕ್ಕಳನ್ನ ಕಟ್ಕೊಂಡು ಹೋಗ್ತಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ. ನೀವು ಹೆದರ್ತಿರೋದು ಘಾಟಿಗೆ, ಆದ್ರೆ ಮಕ್ಕಳಿಗೆ ನಿಜವಾಗ್ಲೂ ಕಷ್ಟ ಆಗೋದು ಘಾಟಿ ಇಳಿದ್ಮೇಲೆ. ಘಾಟಿ ಅಂದ್ರೆ ಹೆಗ್ಗದ್ದೆಯಿಂದ ಅಡ್ಡಹೊಳೆವರೆಗೆ ಸುಮಾರು 26 ಕಿಲೋಮೀಟರ್, ಕಾಂಕ್ರೀಟ್ ರೋಡು, ಲಾರಿ ಸಾಲು ಸಿಗದಿದ್ರೆ ಒಂದು ಗಂಟೆ ಒಳಗೆ ಮುಗಿಯುತ್ತೆ. ಸೆಕೆ ಮಾತ್ರ ಐದು ದಿನಾನೂ ಬಿಡಲ್ಲ. ನಾವಿರೋದು 900 ಮೀಟರ್‌ಗಿಂತ ಎತ್ತರದಲ್ಲಿ, ಅವರಿರೋದು ಸಮುದ್ರದ ಪಕ್ಕ, ಮೂರ್ನಾಲ್ಕು ಗಂಟೇಲಿ ಮಗು ಮೈಗೆ ಅದು ಹೊಂದ್ಕೊಳೋದಾದ್ರೂ ಹೆಂಗೆ ಹೇಳಿ.

ಮೊದಲು ವಾಂತಿ ವಿಷಯ. ನಾವು ಮೊದಲ್ನೇ ಸಲ ಹೊಟ್ಟೆ ತುಂಬ ಇರ್ಲಿ ಅಂತ ಚಿತ್ರಾನ್ನ ತಿನ್ಸಿ ಒಂದು ಲೋಟ ಹಾಲು ಕುಡ್ಸಿ ಹೊರಟ್ವಿ, ದೋಣಿಗಲ್ ದಾಟೋ ಹೊತ್ತಿಗೆ ಎಲ್ಲಾ ನನ್ನ ಮಡಿಲಲ್ಲಿತ್ತು. ಈಗ ಹೊರಡೋಕೆ ಒಂದು ಗಂಟೆ ಮುಂಚೆ ಎರಡು ಇಡ್ಲಿ, ಹಾಲು ಬಂದ್. ಪೂರ್ತಿ ಖಾಲಿ ಹೊಟ್ಟೆನೂ ಒಳ್ಳೇದಲ್ಲ. ಹಿಂದಿನ ಸೀಟಲ್ಲಿ ಮಧ್ಯ ಕೂರ್ಸಿ, ಬೆಲ್ಟ್ ಹಾಕಿ, ಮುಂದಿನ ರೋಡು ಕಾಣೋ ಹಂಗೆ ಇರ್ಬೇಕು. ಮೊಬೈಲು, ಚಿತ್ರದ ಪುಸ್ತಕ ಎರಡೂ ಕೊಡ್ಬೇಡಿ, ಯಾಕಂದ್ರೆ ಕಣ್ಣು ಅಲ್ಲಾಡದೆ ಇರೋದನ್ನ ನೋಡ್ತಿರುತ್ತೆ, ಕಿವಿ ಒಳಗಿನ ಸಮತೋಲನದ ಭಾಗ ಗಾಡಿ ತಿರುಗ್ತಿದೆ ಅನ್ನುತ್ತೆ, ಈ ಎರಡೂ ತಾಳೆ ಆಗದೆ ಇದ್ದಾಗಲೇ ಹೊಟ್ಟೆ ತೊಳೆಸೋದು. ಕೆಂಪೊಳೆ ಎಲ್ಲಿ ಕಾಣುತ್ತೆ, ಸೇತುವೆ ಎಷ್ಟು ಬಂತು ಅಂತ ಎಣಿಸ್ತಾ ಹೋಗಿ. ಮಾತ್ರೆ ಬೇಕಂದ್ರೆ ನಿಮ್ಮ ಮಕ್ಕಳ ಡಾಕ್ಟರ್ ಹತ್ರ ತೂಕ ಹೇಳಿ ಬರೆಸ್ಕೊಳಿ, ಅಂಗಡೀಲಿ ಕೇಳಿ ತಗೋಬೇಡಿ, ಅವೊಮಿನ್ ಥರದ್ದು ಎರಡು ವರ್ಷದ ಒಳಗಿನ ಮಗುಗೆ ಕೊಡೋ ಹಂಗೇ ಇಲ್ಲ. ನಿಮ್ಮ ಚಿಕ್ಕವನ ವಯಸ್ಸಲ್ಲಿ ಸಾಮಾನ್ಯವಾಗಿ ಗಾಡಿ ವಾಂತಿ ಬರಲ್ಲ, ಅವನಿಗೆ ಕಿವಿ ಕಟ್ಟುತ್ತೆ ಅಷ್ಟೆ, ಇಳಿಯುವಾಗ ನೀರೋ ಎದೆಹಾಲೋ ಏನಾದ್ರೂ ಚೀಪೋಕೆ ಕೊಡಿ.

ಏಳೂವರೆಗೆ ಮನೆ ಬಿಡಿ, ಮಕ್ಕಳು ಎದ್ದು ಕಕ್ಕಸ್ಸಿಗೆ ಹೋಗಿ ಹಸನಾದ್ಮೇಲೆ. ಸಕಲೇಶಪುರದಲ್ಲಿ ನಿಲ್ಸಿ ಡೈಪರ್ ಬದಲಾಯ್ಸಿ, ಮುಂದೆ ಗುಂಡ್ಯವರೆಗೆ ನೆಮ್ಮದಿಯಾಗಿ ನಿಲ್ಸೋ ಜಾಗ ಕಡಿಮೆ, ಫೋನ್ ಸಿಗ್ನಲ್ಲೂ ಬಂದು ಹೋಗಿ ಮಾಡುತ್ತೆ.

ಇನ್ನು ಮುಖ್ಯವಾದ್ದು, ಹೋದ ದಿನ ಏನೂ ಇಟ್ಕೋಬೇಡಿ. ಸಂಜೆನೇ ಬೀಚಿಗೆ ಹೋಗೋಣ ಅಂತ ಮನೆಯವ್ರೆಲ್ಲ ಪ್ರೀತಿಗೆ ಹೊರಡಿಸ್ತಾರೆ, ನಾಳೆ ಹೋಗೋಣ ಅನ್ನಿ. ನನ್ನ ಮಗಳಿಗೆ ಎರಡನೇ ದಿನಕ್ಕೇ ಕತ್ತು ಬೆನ್ನೆಲ್ಲಾ ಬೆವರುಸಾಲೆ ಎದ್ದು ರಾತ್ರಿಯೆಲ್ಲಾ ಅತ್ತಳು, ನಾನು ಪೌಡರ್ ಮೇಲೆ ಪೌಡರ್ ಹಾಕ್ದೆ, ಇನ್ನೂ ಜಾಸ್ತಿ ಆಯ್ತು. ಅಲ್ಲಿನ ಡಾಕ್ಟರ್ ಪೌಡರೂ ಬೇಡ ಎಣ್ಣೆನೂ ಬೇಡ, ದಿನಕ್ಕೆ ಎರಡು ಸಲ ತಣ್ಣೀರು ಸ್ನಾನ, ತೆಳು ಕಾಟನ್ ಬಟ್ಟೆ, ಫ್ಯಾನ್ ಗಾಳಿ, ಸಾಕು ಅಂದ್ರು. ಎರಡೇ ದಿನಕ್ಕೆ ಇಳೀತು. ನಿಮ್ಮ ಅತ್ತಿಗೆ ಮನೇಲಿ ಹಿರಿಯರಿದ್ರೆ ಮಗುಗೆ ಕೊಬ್ಬರಿ ಎಣ್ಣೆ ತಿಕ್ಕೋಕೆ ಬರ್ತಾರೆ, ಅವರ ಮನಸ್ಸು ನೋಯಿಸದೆ, ನಮ್ಮ ಊರಿಗೆ ಹೋದ್ಮೇಲೆ ಹಚ್ತೀನಿ ಅಜ್ಜಿ ಅಂತ ತಪ್ಪಿಸ್ಕೊಳಿ. ಓಆರ್‌ಎಸ್ ಪುಡಿ ನಾಲ್ಕು ಪ್ಯಾಕೆಟ್ ಇರ್ಲಿ, ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರ್ದಿರೋದು, ಡಬ್ಬೀಲಿ ಬರೋ ಸಿಹಿ ಜ್ಯೂಸ್ ಅಲ್ಲ. ದೊಡ್ಡ ಪ್ಯಾಕೆಟ್ ಒಂದು ಪೂರ್ತಿ ಒಂದು ಲೀಟರ್ ನೀರಿಗೆ, ಕಲ್ಸಿದ್ದು 24 ಗಂಟೆ ಆದ್ಮೇಲೆ ಚೆಲ್ಬಿಡಿ. ಅರ್ಧ ಪುಡಿ ಅಂದಾಜಲ್ಲಿ ಕಲಸೋದು ಮಾಡ್ಬೇಡಿ.

ಆಲೂರಿಂದ:

ಮೇಲೆ ಅಕ್ಕ ಹೇಳಿದ್ದೆಲ್ಲಾ ಸರಿ, ಹೊರಡೋ ಟೈಮ್ ಒಂದು ನಾನು ಒಪ್ಪಲ್ಲ. ಏಳೂವರೆಗೆ ಬಿಟ್ರೆ ಬಿಸಿಲು ನೆತ್ತಿಗೆ ಬಂದಾಗ ಬಿ.ಸಿ.ರೋಡಲ್ಲಿರ್ತೀರ. ಐದಕ್ಕೇ ಬಿಡಿ, ಮಕ್ಕಳು ಸಕಲೇಶಪುರದವರೆಗೆ ಮಲಗ್ಲಿ, ಅಲ್ಲಿ ಎಬ್ಬಿಸಿ ತಿಂಡಿ ಕೊಟ್ಟು ಅರ್ಧ ಗಂಟೆ ಓಡಾಡ್ಸಿ ಆಮೇಲೆ ಘಾಟಿ ಇಳೀರಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರೋದೂ ಇರುತ್ತೆ. ಮುಲ್ಕಿಗೆ ಮಂಗಳೂರು ಒಳಗೆ ಹೋಗ್ಬೇಡಿ, ನಂತೂರು ಕೂಳೂರಲ್ಲಿ ಸಿಕ್ಕಾಕೊಂಡ್ರೆ ಮಕ್ಕಳು ಅಳೋಕೆ ಶುರು. ಬಿ.ಸಿ.ರೋಡಿಂದ ಪೊಳಲಿ, ಕೈಕಂಬ, ಬಜ್ಪೆ, ಕಟೀಲು, ಕಿನ್ನಿಗೋಳಿ ಮೇಲೆ ಮುಲ್ಕಿ. ಕಟೀಲಲ್ಲಿ ದೇವಸ್ಥಾನದ ಸುತ್ತ ನಂದಿನಿ ಹೊಳೆ, ಮಕ್ಕಳಿಗೆ ಕೈಕಾಲು ಆಡ್ಸೋಕೆ ಅರ್ಧ ಗಂಟೆ ಸಿಗುತ್ತೆ. ಆಮೇಲೆ ಒಂದು ಮಾತು, ಚಿಕ್ಕವನನ್ನ ಮುಂದಿನ ಸೀಟಲ್ಲಿ ಮಡಿಲಲ್ಲಿ ಕೂರ್ಸ್ಕೊಂಡು ಹೋಗ್ಬೇಡಿ, ಒಂದು ಬ್ರೇಕ್ ಹಾಕಿದ್ರೆ ಕೈಲಿ ಹಿಡಿಯೋಕೆ ಆಗಲ್ಲ.

ಚಿಕ್ಕಮಗಳೂರಿಂದ:

ನಮ್ಮದು ಚಾರ್ಮಾಡಿ ದಾರಿ, ತಿರುವು ಜಾಸ್ತಿ, ಅದಕ್ಕೇ ನಾವು ಹಾಸನಕ್ಕೆ ಬಂದು ರೈಲು ಹತ್ತಿದ್ವಿ. ಬೆಂಗಳೂರು ಕಾರವಾರ ರಾತ್ರಿ ರೈಲು ಹಾಸನದ ಮೇಲೆ ಹೋಗುತ್ತೆ, ಬೆಳಗಿನ ಜಾವ ಸುರತ್ಕಲ್‌ಲ್ಲಿ ಇಳಿದ್ವಿ, ಮಗ ಒಂದು ಸಲಾನೂ ವಾಂತಿ ಮಾಡ್ಲಿಲ್ಲ. ಸಕಲೇಶಪುರ ಸುಬ್ರಹ್ಮಣ್ಯ ರೋಡ್ ಮಧ್ಯೆ 57 ಸುರಂಗ ಇವೆ, ರಾತ್ರಿಲಿ ಏನೂ ಕಾಣಲ್ಲ ಅನ್ನೋದೊಂದೇ ಬೇಜಾರು. ಐದು ವರ್ಷದ ಒಳಗಿನ ಮಗುಗೆ ಟಿಕೆಟ್ ಬೇಡ, ನಿಮ್ಮ ದೊಡ್ಡವಳಿಗೆ ಬರ್ತ್ ಬೇಕಂದ್ರೆ ಪೂರ್ತಿ ಚಾರ್ಜೇ ಆಗುತ್ತೆ. ರಜೆ ಟೈಮು, ಬೇಗ ಬುಕ್ ಮಾಡಿ.

ಕಿನ್ನಿಗೋಳಿಯಿಂದ:

ನಾನು ಚನ್ನರಾಯಪಟ್ಟಣದ ಮಗಳು, ಕಿನ್ನಿಗೋಳಿ ಸೊಸೆ, ನಿಮ್ಮ ಅತ್ತಿಗೆ ಮನೆಗೆ ನಾವು ಹತ್ರವೇ ಉಂಟು. ಮಕ್ಕಳು ಊಟಕ್ಕೆ ಹಟ ಮಾಡ್ತಾರೆ ಅಂತ ಹೆದರ್ಬೇಡಿ ಮಾರಾಯ್ರೆ, ಕುಚ್ಚಲಕ್ಕಿ ಗಂಜಿ ಮೊದಲ ದಿನ ಮೂಗು ಮುರೀತಾರೆ, ಅದಕ್ಕೆ ಒಂದು ಕೆಜಿ ನಿಮ್ಮ ಸೋನಾಮಸೂರಿ ಅಕ್ಕಿ, ಸ್ವಲ್ಪ ರಾಗಿ ಹಿಟ್ಟು ತನ್ನಿ. ನೀರುದೋಸೆ ಎಲ್ಲಾ ಮಕ್ಕಳೂ ತಿಂತಾರೆ. ಮೀನು ತಿನ್ನೋ ಮನೆ ಆದ್ರೆ ಕಾಣೆ ಮೀನು ಕೊಡಿ, ನಡು ಮುಳ್ಳು ತೆಗೆದ್ರೆ ಉಳಿದದ್ದು ಸುಲಭ, ಖಾರ ಹಾಕದೆ ಬೇರೆ ಹುರಿಯೋಕೆ ಮೊದಲೇ ಹೇಳಿ. ಸಂಜೆ ಪುನರ್ಪುಳಿ ಶರಬತ್ತು, ಬೊಂಡ, ಅಂದ್ರೆ ನಮ್ಮ ಎಳನೀರು.

ಕಡಲಿಗೆ ಹೋಗೋದಾದ್ರೆ ಪಡುಬಿದ್ರಿ ಬ್ಲೂ ಫ್ಲ್ಯಾಗ್ ಬೀಚ್‌ಗೆ ಹೋಗಿ, ಕಾವಲಿನವರು ಇರ್ತಾರೆ, ಮರಳು ತೊಳೆಯೋಕೆ ನೀರು, ಬಟ್ಟೆ ಬದಲಾಯ್ಸೋಕೆ ರೂಮು ಉಂಟು. ಸಸಿಹಿತ್ಲು ನೋಡೋಕೆ ಬಹಳ ಚಂದ, ಆದ್ರೆ ನಂದಿನಿ ಶಾಂಭವಿ ಎರಡೂ ಅಲ್ಲೇ ಸಮುದ್ರ ಸೇರೋದು, ಅಳಿವೆ ಹತ್ರ ನೀರು ಮೇಲೆ ಸುಮ್ನಿದ್ದ ಹಾಗೆ ಕಂಡ್ರೂ ಕೆಳಗೆ ಸೆಳೀತದೆ, ಮಕ್ಕಳನ್ನ ಕಾಲು ನೆನೆಸೋಕೂ ಇಳಿಸ್ಬೇಡಿ. ನಾಲ್ಕೂವರೆ ಮೇಲೆ ಹೋಗಿ, ಅದಕ್ಕಿಂತ ಮೊದಲು ಹೋದ್ರೆ ಮರಳು ಕಾಲು ಸುಡ್ತದೆ.

ಯಾರೂ ಹೇಳದೆ ಇರೋದು ಒಂದು, ಬಾವಿ. ನಮ್ಮ ಕಡೆ ಹಿತ್ತಲಿಗೊಂದು ಬಾವಿ, ಕೆಲವಕ್ಕೆ ಕಟ್ಟೆ ಮೊಣಕಾಲು ಎತ್ತರ ಅಷ್ಟೆ. ಮನೆಯವರಿಗೆ ಅಭ್ಯಾಸ ಆಗಿರ್ತದೆ, ಕಣ್ಣಿಗೇ ಬೀಳೋದಿಲ್ಲ. ಒಂದೂವರೆ ವರ್ಷದ ಮಗು ಬರ್ತಿದೆ ಅಂತ ಈಗಲೇ ಫೋನ್ ಮಾಡಿ ಕೇಳಿ, ನಾಚ್ಕೋಬೇಡಿ.

ಅರಸೀಕೆರೆಯಿಂದ:

ಸೊಳ್ಳೆ ಪರದೆ ಮರೀಬೇಡಿ, ಛತ್ರಿ ಥರ ಮಡ್ಚೋದು ಸಿಗುತ್ತೆ. ಮತ್ತೆ ಮಗಳಿಗೆ ಅಲ್ಲಿ ತುಳು ಅರ್ಥ ಆಗದೆ ಮೂಲೆ ಹಿಡೀತಾಳೆ, ನಮ್ಮ ಮಗಂಗೆ ಹಂಗೇ ಆಗಿತ್ತು. ಬಲೆ ಅಂದ್ರೆ ಬನ್ನಿ, ಒಣಸ್ ಆಂಡಾ ಅಂದ್ರೆ ಊಟ ಆಯ್ತಾ, ಇಷ್ಟು ದಾರೀಲೇ ಕಲಿಸ್ಕೊಂಡು ಹೋಗಿ.

ಕೇಳಿದ್ದವರು, ಹೋಗಿ ಬಂದ್ಮೇಲೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಟಿಕೆಟ್ ಸಿಗ್ಲಿಲ್ಲ, ಕಾರಲ್ಲೇ ಹೋದ್ವಿ. ಆರಕ್ಕೆ ಬಿಟ್ವಿ, ಸಕಲೇಶಪುರದಲ್ಲಿ ಇಡ್ಲಿ, ಇಳಿಯುವಾಗ ವಾಂತಿ ಆಗ್ಲೇ ಇಲ್ಲ, ವಾಪಸ್ ಹತ್ತುವಾಗ ಒಂದೇ ಸಲ. ಚಿಕ್ಕವನಿಗೆ ಕತ್ತಲ್ಲಿ ಸ್ವಲ್ಪ ಬೆವರುಸಾಲೆ ಬಂತು, ಎರಡು ಹೊತ್ತು ಸ್ನಾನ ಮಾಡ್ಸಿದ್ದಕ್ಕೆ ಅಲ್ಲಿಗೇ ನಿಂತ್ಕೊಳ್ತು. ಬಾವಿ ಬಗ್ಗೆ ಹೇಳಿದ ಅಕ್ಕಂಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಅವತ್ತೇ ಅತ್ತಿಗೆಗೆ ಫೋನ್ ಮಾಡಿದ್ದೆ, ನಾವು ಹೋಗೋಷ್ಟರಲ್ಲಿ ಭಾವ ಕಬ್ಬಿಣದ ಜಾಲರಿ ಮಾಡ್ಸಿ ಬೀಗ ಹಾಕಿದ್ರು. ಮೂರನೇ ದಿನ ಎಲ್ರೂ ಊಟಕ್ಕೆ ಕೂತಿದ್ವಿ, ಇವನು ಯಾವಾಗ ಎದ್ದು ಹೋದ್ನೋ, ನೋಡಿದ್ರೆ ಆ ಜಾಲರಿ ಮೇಲೆ ಎರಡೂ ಕೈ ಊರ್ಕೊಂಡು ಬಗ್ಗಿ ಕೆಳಗೆ ನೋಡ್ತಾ ನಿಂತಿದ್ದ.